ಹೈಪರ್ಬೊಲಿ: ಉತ್ಪ್ರೇಕ್ಷೆಯೋ, ಅತಿಶಯೋಕ್ತಿಯೋ?

ಮಾನ್ಯರೇ,

ನಾನು ಪ್ರೌಢಶಾಲೆಯೊಂದರಲ್ಲಿ ಹತ್ತನೆಯ ತರಗತಿಗೆ ಇಂಗ್ಲಿಷ್ ಕಲಿಸುತ್ತೇನೆ. ಪರೀಕ್ಷೆಗೆ ಮುನ್ನ ಮಕ್ಕಳ ಪುನರಾವರ್ತನೆಗೆ ಅನುಕೂಲವಾಗಲೆಂದು ಸಾಹಿತ್ಯದ ಪಾರಿಭಾಷಿಕ ಪದಗಳನ್ನು ಕನ್ನಡದ ಸಮಾನಪದಗಳೊಡನೆ ತರಗತಿಯ ಗೋಡೆಯ ಮೇಲೆ ಬರೆಸುತ್ತಿದ್ದೇವೆ. ಪೇಂಟರ್ ಸೋಮವಾರ ಬರುತ್ತಾರೆ. ಸಿಮಿಲಿಗೆ ಉಪಮೆ, ಮೆಟಫರ್‌ಗೆ ರೂಪಕ, ಅಲಿಟರೇಶನ್‌ಗೆ ಅನುಪ್ರಾಸ ಎಂದು ಬರೆದುಕೊಂಡಿದ್ದೇನೆ. ತೊಡಕಾದದ್ದು ಹೈಪರ್ಬೊಲಿ, ಅಂದರೆ ಅಳತೆ ಮೀರಿ ಹೇಳುವ ಮಾತು. ಇಷ್ಟು ವರ್ಷ ಅದನ್ನು ಉತ್ಪ್ರೇಕ್ಷೆ ಎಂದೇ ಹೇಳಿಕೊಡುತ್ತ ಬಂದಿದ್ದೆ. ಮೊನ್ನೆಯ ಕಿರುಪರೀಕ್ಷೆಯಲ್ಲಿ ‘ನಿನಗೆ ಸಾವಿರ ಸಲ ಹೇಳಿದ್ದೇನೆ’ ಎಂಬರ್ಥದ ವಾಕ್ಯದ ಎದುರು ಒಬ್ಬ ಹುಡುಗಿ ಹೈಪರ್ಬೊಲಿ ಎಂದು ಸರಿಯಾಗಿಯೇ ಗುರುತಿಸಿ, ಕೆಳಗೆ ಪೆನ್ಸಿಲಿನಲ್ಲಿ ‘ಇಲ್ಲಿ ಉಪಮೇಯ ಯಾವುದು ಮಿಸ್?’ ಎಂದು ಕೇಳಿದ್ದಾಳೆ. ಉಪಮೇಯವನ್ನು (ವರ್ಣಿಸಹೊರಟ ವಸ್ತುವನ್ನು) ಉಪಮಾನವೆಂದು (ಹೋಲಿಕೆಗೆ ತಂದ ವಸ್ತುವೆಂದು) ಸಂಭಾವಿಸಿದರೆ, ಅಂದರೆ ಊಹಿಸಿದರೆ, ಉತ್ಪ್ರೇಕ್ಷೆ ಎಂದು ಕನ್ನಡ ತರಗತಿಯಲ್ಲಿ ಅವಳು ಕಲಿತಿದ್ದಾಳೆ. ನನ್ನಲ್ಲಿ ಉತ್ತರವಿರಲಿಲ್ಲ. ಗೋಡೆಯ ಮೇಲೆ ಯಾವುದನ್ನು ಬರೆಸಲಿ?

— ಹಾವೇರಿಯಿಂದ

ಅತಿಶಯೋಕ್ತಿ. ಇದರಲ್ಲಿ ಚರ್ಚಿಸುವುದೇನೂ ಇಲ್ಲ. ಉತ್ಪ್ರೇಕ್ಷೆಯಲ್ಲಿ ಉತ್, ಪ್ರ ಎಂಬ ಉಪಸರ್ಗಗಳ ಮುಂದಿರುವುದು ಈಕ್ಷ್ ಧಾತು. ಅದು ಕಾಣುವುದನ್ನು ಹೇಳುತ್ತದೆಯೇ ಹೊರತು ಅಳತೆ ಮೀರುವುದನ್ನಲ್ಲ. ಉತ್ಪ್ರೇಕ್ಷೆಯನ್ನು ಅಳತೆ ಮೀರಿದ ಮಾತೆಂದು ಬಳಸುವ ಪತ್ರಿಕೆಯವರ ತಪ್ಪನ್ನು ಗೋಡೆಗೇರಿಸಬೇಡಿ.

— ಮೈಸೂರಿನಿಂದ

ಮೈಸೂರಿನವರು ಹೇಳಿದಷ್ಟು ಸಲೀಸಾಗಿ ಇದು ಮುಗಿಯುವುದಿಲ್ಲ. ಸಂಸ್ಕೃತದ ಆಲಂಕಾರಿಕ ದಂಡಿಯ ಮಟ್ಟಿಗೆ ಲೋಕದ ಎಲ್ಲೆಯನ್ನು ಮೀರಿ ಒಂದು ವಿಶೇಷವನ್ನು ಹೇಳಬಯಸುವುದೇ ಅತಿಶಯೋಕ್ತಿ, ಆದ್ದರಿಂದ ಅಲ್ಲಿ ಹೈಪರ್ಬೊಲಿ ಸರಿಯಾಗಿ ಕೂರುತ್ತದೆ. ನಮ್ಮ ಕವಿರಾಜಮಾರ್ಗವೂ ಬಹುಮಟ್ಟಿಗೆ ದಂಡಿಯನ್ನೇ ಹಿಂಬಾಲಿಸಿದ್ದು. ಆದರೆ ಆಮೇಲಿನ ಆಲಂಕಾರಿಕ ಮಮ್ಮಟನ ಕಾಲಕ್ಕೆ ಬಂದರೆ ಅತಿಶಯೋಕ್ತಿಯ ಮೊದಲ ಬಗೆಯೇ ಉಪಮಾನವು ಉಪಮೇಯವನ್ನು ನುಂಗಿಹಾಕುವಂಥದ್ದು. ಹುಡುಗಿಯ ಮುಖದ ಮಾತನ್ನೇ ಎತ್ತದೆ ‘ಬಾಗಿಲಲ್ಲಿ ಚಂದ್ರ ಬಂದು ನಿಂತ’ ಎಂದರೆ ಅದು ಅತಿಶಯೋಕ್ತಿ. ‘ಸಾವಿರ ಸಲ ಹೇಳಿದ್ದೇನೆ’ ಎಂಬುದರಲ್ಲಿ ಏನು ಏನನ್ನು ನುಂಗಿದೆ? ಪೆನ್ಸಿಲ್ ಹಿಡಿದ ಆ ಹುಡುಗಿ ಅತಿಶಯೋಕ್ತಿಯ ಕೆಳಗೂ ಇದೇ ಪ್ರಶ್ನೆಯನ್ನು ಬರೆಯಬಲ್ಲಳು.

ಇನ್ನು ಬಳಕೆಯ ವಿಷಯ. ‘ಎಂದರೆ ಉತ್ಪ್ರೇಕ್ಷೆಯಾಗಲಾರದು’ ಮತ್ತು ‘ಎಂದರೆ ಅತಿಶಯೋಕ್ತಿಯಲ್ಲ’ ಎಂಬೆರಡನ್ನೂ ಕನ್ನಡಿಗರು ಒಂದೇ ಜಾಗದಲ್ಲಿ, ಒಂದೇ ಅರ್ಥದಲ್ಲಿ ಆಡುತ್ತಾರೆ. ಇದನ್ನು ತಪ್ಪೆಂದು ತಳ್ಳಿಹಾಕುವುದು ಸರಿಯಲ್ಲ. ಧಾತು ಏನು ಹೇಳುತ್ತದೆಂದು ಪದ ಅಲ್ಲಿಯೇ ಕಟ್ಟಿಬಿದ್ದಿರುವುದಿಲ್ಲ. ಹೈಪರ್ಬೊಲಿಗೂ ಗ್ರೀಕಿನಲ್ಲಿ ‘ಆಚೆಗೆ ಎಸೆಯುವುದು’ ಎಂದಷ್ಟೇ ಮೂಲಾರ್ಥ. ಆದರೂ ಶಾಲೆಯ ಗೋಡೆಗೆ ಅತಿಶಯೋಕ್ತಿಯೇ ಇರಲಿ, ಏಕೆಂದರೆ ಉತ್ಪ್ರೇಕ್ಷೆಯನ್ನು ಅದೇ ಮಕ್ಕಳು ಪಕ್ಕದ ಪಿರಿಯಡ್ಡಿನಲ್ಲಿ ಬೇರೆ ಲಕ್ಷಣದೊಡನೆ ಬಾಯಿಪಾಠ ಮಾಡುತ್ತಾರೆ.

— ಧಾರವಾಡದಿಂದ

ಮಕ್ಕಳಿಗೆ ಅರ್ಥವಾಗಲಿ ಎಂದು ಇಂಗ್ಲಿಷಿನಿಂದ ಕನ್ನಡಕ್ಕೆ ಹೊರಟವರು ಸಂಸ್ಕೃತದಲ್ಲಿ ಇಳಿದುಕೊಂಡಿದ್ದೀರಿ. ‘ಮಿಗಿಲುನುಡಿ’ ಎಂದು ಬರೆಸಿ. 13ನೆಯ ಶತಮಾನದ ಆಂಡಯ್ಯ ತತ್ಸಮಗಳನ್ನು (ಸಂಸ್ಕೃತದಿಂದ ಹಾಗೆಯೇ ಬಂದ ಪದಗಳನ್ನು) ಬಿಟ್ಟು ಇಡೀ ಕಾವ್ಯವನ್ನೇ ಬರೆದಿರುವಾಗ ನಮಗೆ ಗೋಡೆಯ ಮೇಲಿನ ಒಂದು ಪದ ಹೊಸೆಯಲು ಆಗದೇ? ಸುದ್ದಗನ್ನಡದೊಳಗೆ ಸಕ್ಕದವನ್ನು (ಸಂಸ್ಕೃತವನ್ನು) ತಂದಿಕ್ಕುವುದು ತುಪ್ಪಕ್ಕೆ ಎಣ್ಣೆ ಬೆರೆಸಿದಂತೆ ಎಂದು ಮುಳುಗುಂದದ ನಯಸೇನ 1112ರಲ್ಲೇ ಹೇಳಿದ್ದಾನೆ.

— ಬೆಂಗಳೂರಿನಿಂದ

ಹೇಳಿದ್ದಾನೆ ನಿಜ, ಆದರೆ ತುಪ್ಪಕ್ಕೂ ಎಣ್ಣೆಗೂ ಅವನು ಆ ಪದ್ಯದಲ್ಲಿ ಬಳಸಿದ ಪದಗಳು ಘೃತ ಮತ್ತು ತೈಲ. ಬೇಕೆಂದೇ ಬೆರೆಸಿ ತೋರಿಸಿದನೋ, ಛಂದಸ್ಸಿಗೆ ಸಿಲುಕಿದನೋ, ಅದನ್ನು ತಾವೇ ತೀರ್ಮಾನಿಸಿ. ‘ಮಿಗಿಲುನುಡಿ’ ನಿಲ್ಲುವುದಿಲ್ಲ. ಕನ್ನಡದಲ್ಲಿ ಮಿಗಿಲು ಎಂಬುದು ಮೆಚ್ಚುಗೆಯ ಪದ, ಆದ್ದರಿಂದ ಓದಿದವರಿಗೆ ‘ಶ್ರೇಷ್ಠವಾದ ಮಾತು’ ಎಂಬ ಅರ್ಥ ಬರುತ್ತದೆ. ಅಚ್ಚಗನ್ನಡವೇ ಬೇಕಾದರೆ ಹೊಸೆಯುವ ಮೊದಲು ಇರುವುದನ್ನು ನೋಡಬೇಕು: ‘ಕಡ್ಡಿಯನ್ನು ಗುಡ್ಡ ಮಾಡುವುದು’ ಎಂದು ಜನ ಆಡುವ ಮಾತಿದೆ. ಅದರಲ್ಲಿ ಬೈಗುಳದ ಛಾಯೆ ಇರುವುದರಿಂದ ಕವಿಯ ಉಕ್ತಿಗೆ ಹೆಸರಾಗಿ ಅದು ಒಗ್ಗದು, ಆದರೆ ವಿವರಣೆಗೆ ಚೆನ್ನಾಗಿ ಒದಗುತ್ತದೆ.

— ಧಾರವಾಡದಿಂದ

ಆಡುವವರಿಗೆ ಬೈಗುಳ ಅನ್ನಿಸದ್ದು ಪಂಡಿತರಿಗೆ ಅನ್ನಿಸುತ್ತದೆ. ನನ್ನ ಮಾತು ಇಷ್ಟೇ.

— ಬೆಂಗಳೂರಿನಿಂದ

ಎಲ್ಲರಿಗೂ ವಂದನೆಗಳು. ಅತಿಶಯೋಕ್ತಿ ಎಂದು ಬರೆಸಿ, ಕೆಳಗೆ ಸಣ್ಣ ಅಕ್ಷರದಲ್ಲಿ ‘ಅಳತೆ ಮೀರಿ ಹೇಳುವುದು’ ಎಂಬ ವಿವರಣೆಯನ್ನೂ ‘ಸಾವಿರ ಸಲ ಹೇಳಿದ್ದೇನೆ’ ಎಂಬ ಉದಾಹರಣೆಯನ್ನೂ ಸೇರಿಸುತ್ತೇನೆ. ಅದರಲ್ಲಿ ಉಪಮೇಯ ಇಲ್ಲ, ಇರಬೇಕಾಗಿಯೂ ಇಲ್ಲ ಎಂದು ಆ ಹುಡುಗಿಗೆ ಹೇಳಿದ್ದೇನೆ. ಐರನಿಗೆ ‘ವ್ಯಂಗ್ಯ’ ಎಂದರೆ ಆದೀತೇ, ಸಂಸ್ಕೃತ ಕಾವ್ಯಮೀಮಾಂಸೆಯ ಧ್ವನಿವಾದಿಗಳು ಹೇಳುವ ವ್ಯಂಗ್ಯಾರ್ಥ (ಸೂಚ್ಯವಾದ ಅರ್ಥ) ಅಡ್ಡ ಬಂದೀತೇ ಎಂದೂ ಕೇಳಬೇಕೆಂದಿದ್ದೆ. ಪೇಂಟರ್ ಬರುವುದಕ್ಕೆ ಒಂದೇ ದಿನ ಉಳಿದಿರುವುದರಿಂದ ಆ ಸಾಲನ್ನು ಸದ್ಯಕ್ಕೆ ಖಾಲಿ ಬಿಡಿಸುತ್ತೇನೆ.

— ಹಾವೇರಿಯಿಂದ