ಪ್ರೋಬ್ ಎರಡನೇ ಸಲ ಮೈನಸ್ 16 ಯಾಕೆ ಕೊಡುತ್ತೆ?

ಪ್ರಶ್ನೆ (ಕೋಲಾರ): ಹಾಲು ತಣಿಸುವ ಕೇಂದ್ರಕ್ಕೆ ಉಷ್ಣಾಂಶ ಅಳೆಯುವ ಬೋರ್ಡ್ ಮಾಡಿದ್ದೇವೆ. ಲಿನಕ್ಸ್ ಡ್ರೈವರ್ ನಮ್ಮದೇ. ಕರೆಂಟ್ ಹೋಗಿ ಬಂದಾಗ ಕೆಲವೊಮ್ಮೆ ರಿಕ್ವೆಸ್ಟ್ ಐಆರ್‌ಕ್ಯೂ (ಇಂಟರಪ್ಟ್, ಅಂದರೆ ಚಿಪ್ ಕೊಡುವ ಸೂಚನೆ, ನಮಗೆ ಬೇಕು ಅಂತ ಕೇಳುವ ಕರೆ) ಮೈನಸ್ 16, ಅಂದರೆ ಬಿಜಿ ಅನ್ನುವ ತಪ್ಪು, ಕೊಡುತ್ತೆ, ಆಮೇಲೆ ಕರ್ನಲ್ ಊಪ್ಸ್ (ಕರ್ನಲ್ ಒಳಗಿನ ಗಂಭೀರ ತಪ್ಪು) ಆಗುತ್ತೆ. ಬೇರೆ ಡ್ರೈವರ್ ಆ ಇಂಟರಪ್ಟ್ ಹಿಡಿದಿದೆಯಾ? ನಮ್ಮ ಪ್ರೋಬ್‌ನಲ್ಲಿ (ಸಾಧನ ಸಿಕ್ಕಾಗ ಕರ್ನಲ್ ಕರೆಯುವ ಡ್ರೈವರ್ ಫಂಕ್ಷನ್) ಮೊದಲು ಡೆವ್‌ಎಮ್ ಕೆಜಡ್‌ಆಲಕ್ (ಮೆಮೊರಿ ಪಡೆಯುವ ಕರೆ; ಡೆವ್‌ಎಮ್ ಅಂದರೆ ಕರ್ನಲ್ ತಾನೇ ಬಿಡಿಸುವ ಬಗೆ), ಆಮೇಲೆ ರಿಕ್ವೆಸ್ಟ್ ಐಆರ್‌ಕ್ಯೂ, ಕೊನೆಗೆ ರೆಗ್ಯುಲೇಟರ್ ಗೆಟ್ (ಚಿಪ್‌ಗೆ ಪವರ್ ಕೊಡುವ ರೆಗ್ಯುಲೇಟರ್ ಪಡೆಯುವ ಕರೆ). ತಪ್ಪಾದರೆ ನೇರ ರಿಟರ್ನ್.

ಉತ್ತರ: ಬೇರೆಯವರಲ್ಲ, ನಿಮ್ಮದೇ ಡ್ರೈವರ್ ಹಿಡಿದಿದೆ. ಯಾವ ಇಂಟರಪ್ಟ್ ಯಾರು ಹಿಡಿದಿದ್ದಾರೆ ಅಂತ ತೋರಿಸುವ ಪ್ರಾಕ್ ಇಂಟರಪ್ಟ್ಸ್ ಫೈಲ್ ತೆಗೆದು ನೋಡಿ, ನಿಮ್ಮ ಹೆಸರೇ ಇರುತ್ತೆ. ಬೂಟ್ ಆಗುವಾಗ ರೆಗ್ಯುಲೇಟರ್ ಇನ್ನೂ ತಯಾರಿಲ್ಲದಿದ್ದರೆ ಮೈನಸ್ 517 ಬರುತ್ತೆ, ಅಂದರೆ ಪ್ರೋಬ್ ಡಿಫರ್. ಆಮೇಲೆ ಕರ್ನಲ್ ತಾನಾಗಿಯೇ ಪ್ರೋಬ್ ಮತ್ತೆ ಕರೆಯುತ್ತೆ. ನೀವು ಐಆರ್‌ಕ್ಯೂ ಬಿಡದೆ ಹೊರಟಿದ್ದೀರಿ, ಹಾಗಾಗಿ ಎರಡನೇ ಸಲ ಬಿಜಿ ಅನ್ನುತ್ತೆ. ಊಪ್ಸ್ ಇನ್ನೂ ಅಪಾಯದ್ದು: ಪ್ರೋಬ್ ಸೋತಾಗ ಡೆವ್‌ಎಮ್ ಮೆಮೊರಿ ವಾಪಸ್ ಹೋಗಿದೆ, ಹ್ಯಾಂಡ್ಲರ್ (ಇಂಟರಪ್ಟ್ ಬಂದಾಗ ಓಡುವ ಫಂಕ್ಷನ್) ಮಾತ್ರ ಉಳಿದಿದೆ. ಇಂಟರಪ್ಟ್ ಬಂದ ಕೂಡಲೇ ಅದು ಬಿಟ್ಟುಹೋದ ಮೆಮೊರಿ ಓದುತ್ತೆ.

ಮೊದಲು ರೆಗ್ಯುಲೇಟರ್ ತಗೊಂಡು ಆನ್ ಮಾಡಿ, ಎಲ್ಲಾ ತಯಾರಾದ ಮೇಲೆ ಕೊನೆಗೆ ಐಆರ್‌ಕ್ಯೂ ಕೇಳಿ. ಮಧ್ಯದಲ್ಲಿ ಸೋತರೆ ಗೋಟು ಲೇಬಲ್‌ಗೆ ಹೋಗಿ ಹಿಂದಿನದನ್ನೆಲ್ಲಾ ತಿರುವುಮುರುವಾಗಿ ಬಿಡಿಸಿ. ನಮ್ಮ ಕಡೆ ಬೋರ್‌ವೆಲ್ ಪೈಪ್ ಎತ್ತುವುದು ನೋಡಿದ್ದೀರಲ್ಲ, ಕೊನೆಗೆ ಇಳಿಸಿದ್ದೇ ಮೊದಲು ಮೇಲೆ ಬರಬೇಕು.

ಪ್ರಶ್ನೆ: ಸುಮ್ನೆ ಎಲ್ಲಾ ಡೆವ್‌ಎಮ್ ಮಾಡಿದರೆ ಸಾಕಲ್ವಾ?

ಉತ್ತರ: ಎಲ್ಲವನ್ನೂ ಮಾಡಿದರೆ ಸಾಕು. ಅರ್ಧಂಬರ್ಧ ಮಾಡಿದರೆ ಕೆಟ್ಟದ್ದು. ಡೆವ್‌ಎಮ್ ಹಿಡಿದದ್ದು ಬಿಡುವುದು ರಿಮೂವ್ (ಡ್ರೈವರ್ ಬಿಡಿಸುವಾಗ ಓಡುವ ಫಂಕ್ಷನ್) ಮುಗಿದ ಮೇಲೆ. ನೀವು ರಿಮೂವ್ ಒಳಗೆ ಕೈಯಿಂದ ರೆಗ್ಯುಲೇಟರ್ ಆಫ್ ಮಾಡಿದರೆ, ಚಿಪ್‌ಗೆ ಪವರ್ ಇಲ್ಲದಿರುವಾಗಲೂ ಹ್ಯಾಂಡ್ಲರ್ ಜೀವಂತ ಇರುತ್ತೆ. ಆಫ್ ಮಾಡುವ ಕೆಲಸವನ್ನೂ ಡೆವ್‌ಎಮ್ ಆಡ್ ಆಕ್ಷನ್ ಆರ್ ರಿಸೆಟ್‌ಗೆ ಒಪ್ಪಿಸಿ.

ದಯವಿಟ್ಟು ಮೈನಸ್ 517 ಅನ್ನು ಮೈನಸ್ 19 (ಸಾಧನವೇ ಇಲ್ಲ ಅನ್ನುವ ತಪ್ಪು) ಅಂತ ಬದಲಿಸಿ ಕಳಿಸಬೇಡಿ. ಹಾಗೆ ಮಾಡಿದರೆ ಕರ್ನಲ್ ಮತ್ತೆ ಪ್ರಯತ್ನಿಸಲ್ಲ. ಬಂದದ್ದನ್ನು ಹಾಗೇ ಹಿಂದಿರುಗಿಸಿ. ಕರ್ನಲ್ 5.9 ಅಥವಾ ಹೊಸದಿದ್ದರೆ ತಪ್ಪನ್ನು ಲಾಗ್‌ಗೆ ಬರೆಯಲು ಡೆವ್ ಎರ್ ಪ್ರೋಬ್ ಬಳಸಿ. ಡಿಫರ್ ಆದಾಗ ಲಾಗ್ ತುಂಬಲ್ಲ, ಕಾರಣ ಮಾತ್ರ ಡಿಬಗ್‌ಎಫ್‌ಎಸ್‌ನ (ಕರ್ನಲ್ ಒಳಗಿನ ಸ್ಥಿತಿ ತೋರಿಸುವ ಫೈಲ್‌ಗಳ ಜಾಗ) ಡಿವೈಸಸ್ ಡಿಫರ್ಡ್ ಫೈಲ್‌ನಲ್ಲಿ ಸಿಗುತ್ತೆ.

ಪ್ರಶ್ನೆ: ಪರೀಕ್ಷೆ ಹೇಗೆ? ತಪ್ಪು ಬೇಕೆಂದಾಗ ಬರಲ್ಲ.

ಉತ್ತರ: ತರಿಸಬೇಕು. ಪ್ರತಿ ಹೆಜ್ಜೆ ಆದಮೇಲೆ ಒಂದೊಂದಾಗಿ ಮೈನಸ್ 12 (ಮೆಮೊರಿ ಸಾಲದು ಅನ್ನುವ ತಪ್ಪು) ರಿಟರ್ನ್ ಆಗುವಂತೆ ಮಾಡಿ, ಸಿಸ್‌ಎಫ್‌ಎಸ್‌ನಿಂದ (ಡ್ರೈವರ್ ಮತ್ತು ಸಾಧನಗಳ ಫೈಲ್‌ಗಳ ಜಾಗ) ಬೈಂಡ್ ಮಾಡಿ, ಅಂದರೆ ಡ್ರೈವರನ್ನು ಸಾಧನಕ್ಕೆ ಜೋಡಿಸಿ, ಪ್ರಾಕ್ ಇಂಟರಪ್ಟ್ಸ್ ನೋಡಿ. ಫಾಲ್ಟ್ ಇಂಜೆಕ್ಷನ್‌ನ ಫೇಲ್‌ಸ್ಲ್ಯಾಬ್ (ಮೆಮೊರಿ ಕೇಳಿದಾಗ ಬೇಕೆಂದೇ ಸೋಲಿಸುವ ಸಾಧನ), ಜೊತೆಗೆ ಕಸಾನ್ (ತಪ್ಪು ಮೆಮೊರಿ ಬಳಕೆ ಹಿಡಿಯುವ ಸಾಧನ) ಹಾಕಿದ ಕರ್ನಲ್ ಇದ್ದರೆ ಇನ್ನೂ ಜಾಸ್ತಿ ಹೊರಬೀಳುತ್ತೆ. ಕೇಂದ್ರಕ್ಕೆ ಬೋರ್ಡ್ ಕಳಿಸುವ ಮುಂಚೆ ಇಷ್ಟು ಮಾಡಿ.