ಮರಳು ಕಾಲಮ್: ಒತ್ತಡ ಏರುತ್ತಿದೆ, ಎಣ್ಣೆ ಮಾತ್ರ ಬರುತ್ತಿಲ್ಲ

ಹನಿಎಣ್ಣೆ: ಮರಳಿನಲ್ಲಿ ಸಿಕ್ಕಿಕೊಂಡ ಎಣ್ಣೆಯನ್ನು ಬ್ಯಾಕ್ಟೀರಿಯಾದಿಂದ ಹೊರತೆಗೆಯುವ ಪ್ರಯೋಗ ನನ್ನದು. ಕಾಲಮ್‌ಗೆ (ಕೊಳವೆಗೆ) ಮರಳು ತುಂಬಿ, ಕಚ್ಚಾ ತೈಲ ಕುಡಿಸಿ, ಇನ್ನು ಎಣ್ಣೆ ಹೊರಡುವುದಿಲ್ಲ ಅನ್ನುವವರೆಗೆ ಉಪ್ಪುನೀರು ಹರಿಸಿದೆ. ಆಮೇಲೆ ಬ್ಯಾಸಿಲಸ್ ಸಬ್ಟಿಲಿಸ್ ಬ್ಯಾಕ್ಟೀರಿಯಾ ಮತ್ತು ಅದರ ಆಹಾರಕ್ಕೆ ಕಾಕಂಬಿ ಬಿಟ್ಟು 7 ದಿನ ಮುಚ್ಚಿಟ್ಟೆ. ಈಗ ನೀರು ಬಿಟ್ಟರೆ ಒತ್ತಡ ಮೊದಲಿನ ಮೂರು ಪಟ್ಟು. ಎಣ್ಣೆ ನಾಲ್ಕೈದು ಹನಿ, ಅಷ್ಟೇ. ನೀರು ಒಳಹೋಗುವ ತುದಿ ಕಪ್ಪಾಗಿದೆ, ಕೊಳೆತ ಮೊಟ್ಟೆ ವಾಸನೆ ಬೇರೆ. ಬ್ಯಾಕ್ಟೀರಿಯಾ ಕೆಲಸವೇ ಮಾಡಲಿಲ್ಲವಾ?

ಕೆಸರುಗಾಲು: ಮಾಡಿವೆ, ಆದರೆ ನೀವು ಸಾಕಿದವಲ್ಲ! ವಾಸನೆ ಹೈಡ್ರೋಜನ್ ಸಲ್ಫೈಡ್‌ದು, ಕಪ್ಪು ಬಹುಶಃ ಕಬ್ಬಿಣದ ಸಲ್ಫೈಡ್. ಮೊದಲು ಕಾಲಮ್ಮನ್ನು ಫ್ಯೂಮ್ ಹುಡ್ (ವಿಷಾನಿಲ ಹೊರಗೆಳೆಯುವ ಗೂಡು) ಒಳಗಿಡಿ. ಈ ಅನಿಲ ಜಾಸ್ತಿಯಾದರೆ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ. ಉಪ್ಪುನೀರಿಗೆ ಏನೇನು ಹಾಕಿದ್ದೀರಿ?

ಹನಿಎಣ್ಣೆ: ಸಮುದ್ರದ ನೀರಿನ ಹಾಗಿರಲಿ ಅಂತ ಮೆಗ್ನೀಸಿಯಂ ಸಲ್ಫೇಟ್. ನೈಟ್ರೇಟ್ ಹಾಕಿಲ್ಲ.

ಕೆಸರುಗಾಲು: ಎಡವಟ್ಟಾಗಿದ್ದು ಅಲ್ಲೇ. ಮುಚ್ಚಿಟ್ಟ ಕಾಲಮ್‌ನಲ್ಲಿ ಆಮ್ಲಜನಕ ಬೇಗ ಮುಗಿಯುತ್ತದೆ. ಆಮೇಲೆ ಸಲ್ಫೇಟ್ ಬಳಸಿ ಬದುಕುವ ಬ್ಯಾಕ್ಟೀರಿಯಾಗಳದೇ ರಾಜ್ಯ. ತೈಲದಲ್ಲೋ ನೀರಿನಲ್ಲೋ ಅವು ಬಂದಿರಬೇಕು. ಸಬ್ಟಿಲಿಸ್‌ಗೆ ಆಮ್ಲಜನಕ ಇಲ್ಲದಾಗ ನೈಟ್ರೇಟ್ ಬೇಕು. ಸಲ್ಫೇಟ್ ಬದಲು ಮೆಗ್ನೀಸಿಯಂ ಕ್ಲೋರೈಡ್ ಹಾಕಿ, ಜೊತೆಗೆ ಸೋಡಿಯಂ ನೈಟ್ರೇಟ್. ತೈಲ ನಿಕ್ಷೇಪಗಳಲ್ಲೂ ಈ ವಾಸನೆಯ ಕಾಟಕ್ಕೆ ನೈಟ್ರೇಟ್ ಬಿಡುವುದುಂಟು.

ಬಂಡೆಬಿರುಕು: ಒತ್ತಡದ ಬಗ್ಗೆ ಒಂದು ಮಾತು. ಅದು ಏರಿದ್ದು ಮರಳಿನ ರಂಧ್ರಗಳು ಕಟ್ಟಿಕೊಂಡು ಇರಬೇಕು. ನೆಲದೊಳಗೆ ರಂಧ್ರ ಕಟ್ಟಿಕೊಳ್ಳುವುದು ಯಾವಾಗಲೂ ಕೆಟ್ಟದ್ದಲ್ಲ. ನೀರು ಸಲೀಸಾಗಿ ನುಗ್ಗುವ ಪದರ ಮುಚ್ಚಿದರೆ, ಅದು ಎಣ್ಣೆ ಉಳಿದಿರುವ ಪಕ್ಕದ ಪದರಕ್ಕೆ ತಿರುಗುತ್ತದೆ. ನಿಮ್ಮ ಕಾಲಮ್‌ನಲ್ಲಿ ಒಂದೇ ಬಗೆಯ ಮರಳು, ತಿರುಗಲು ಬೇರೆ ದಾರಿಯೇ ಇಲ್ಲ ಅಲ್ವಾ? ಸ್ವಲ್ಪ ಹಿಮ್ಮುಖವಾಗಿ ನೀರು ಬಿಟ್ಟು ನೋಡಿ. ಅಂದಹಾಗೆ, ನಿಮ್ಮ ತಳಿ ಸರ್ಫ್ಯಾಕ್ಟಿನ್ (ಎಣ್ಣೆ ಬಿಡಿಸುವ ಸಾಬೂನಿನಂಥ ವಸ್ತು) ಮಾಡುತ್ತದೆ ಅಂತ ಪರೀಕ್ಷಿಸಿದ್ದೀರಾ? ನೀರಿನ ಮೇಲ್ಮೈ ಎಳೆತವನ್ನು ಅದು 72ರಿಂದ 27 ಮಿಲಿನ್ಯೂಟನ್ ಪ್ರತಿ ಮೀಟರ್‌ಗೆ ಇಳಿಸಬಲ್ಲದು. ಅಳೆಯುವ ಉಪಕರಣ ಇಲ್ಲದಿದ್ದರೆ ತಟ್ಟೆಯಲ್ಲಿ ನೀರು, ಮೇಲೆ ತೆಳು ಎಣ್ಣೆ ಪದರ, ಅದರ ಮೇಲೆ ಬ್ಯಾಕ್ಟೀರಿಯಾ ಬೆಳೆಸಿದ ದ್ರವದ ಒಂದು ಹನಿ. ಎಣ್ಣೆ ಸರಿದು ಬಳೆಯಂತೆ ಜಾಗ ಬಿಡಬೇಕು.

ಹನಿಎಣ್ಣೆ: ಹಿಮ್ಮುಖವಾಗಿ ಬಿಟ್ಟೆ, ಲೋಳೆ ಬಂತು, ಒತ್ತಡ ಇಳಿಯಿತು. ಆದರೆ ತಟ್ಟೆಯಲ್ಲಿ ಎಣ್ಣೆ ಅಲ್ಲಾಡಲೂ ಇಲ್ಲ! ನನ್ನದು 168 ತಳಿ.

ಬಂಡೆಬಿರುಕು: ಅಯ್ಯೋ, ಮೊದಲೇ ಹೇಳಬಾರದಿತ್ತಾ! 168ರಲ್ಲಿ ಸರ್ಫ್ಯಾಕ್ಟಿನ್‌ಗೆ ಬೇಕಾದ ಎಸ್‌ಎಫ್‌ಪಿ ಜೀನ್ ಕೆಟ್ಟಿದೆ, ಅದು ಸರ್ಫ್ಯಾಕ್ಟಿನ್ ಮಾಡುವುದೇ ಇಲ್ಲ. ಸರ್ಫ್ಯಾಕ್ಟಿನ್ ಮಾಡುವ ಎಟಿಸಿಸಿ 21332 ತಳಿ ತರಿಸಿ. ಹೊಸ ಕಾಲಮ್ ಹಾಕುವಾಗ ಹೋಲಿಕೆಗೆ ಪಕ್ಕದಲ್ಲೇ ಬ್ಯಾಕ್ಟೀರಿಯಾ ಇಲ್ಲದ್ದೂ ಒಂದಿರಲಿ, ಅದಕ್ಕೂ ಅದೇ ಕಾಕಂಬಿ, ಅದೇ ನೈಟ್ರೇಟ್.