ಸಹಾಯ ಬೇಕು: ಟೆಂಪರೇಚರ್ ಗೇಜ್‌ಗೆ ಸೀರೀಸ್ ರೆಸಿಸ್ಟರ್ ಹಾಕಬಹುದಾ?

ಹಳೆಯ ಕಾರ್ಬ್ಯುರೇಟರ್ ಕಾರು, ಬೈಮೆಟಲ್ ಗೇಜ್, 10 ವೋಲ್ಟ್ ಸ್ಟೆಬಿಲೈಸರ್ (ಗೇಜ್‌ಗಳಿಗೆ ಸ್ಥಿರ ವೋಲ್ಟೇಜ್ ಕೊಡುವ ಭಾಗ). ಬೇರೆ ಕಂಪನಿಯ ಸೆಂಡರ್ (ಎಂಜಿನ್ ನೀರು ಬಿಸಿಯಾದಷ್ಟೂ ಓಮ್ ಇಳಿದು ಮುಳ್ಳು ಏರಿಸುವ ಸೆನ್ಸರ್) ಹಾಕಿದ ಮೇಲೆ ಮುಳ್ಳು ಕೆಂಪು ಗೆರೆ ಮುಟ್ಟುತ್ತೆ. ಆದರೆ ಥರ್ಮೋಸ್ಟಾಟ್ ಹೌಸಿಂಗ್ ಮೇಲೆ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದರೆ 84 ಡಿಗ್ರಿ ಅಷ್ಟೇ (ಹೊಳೆಯುವ ಅಲ್ಯೂಮಿನಿಯಂ ತಪ್ಪು ಲೆಕ್ಕ ಕೊಡುತ್ತೆ, ಅದಕ್ಕೆ ಕಪ್ಪು ಟೇಪ್ ಅಂಟಿಸಿಯೇ ನೋಡಿದ್ದು).

ಸೆಂಡರನ್ನು ನೀರಲ್ಲಿ ಕಾಯಿಸಿ ಅಳೆದಾಗ 40 ಡಿಗ್ರಿಗೆ 287 ಓಮ್, 60ಕ್ಕೆ 134, 84ಕ್ಕೆ ಸುಮಾರು 62, 90ಕ್ಕೆ 51. ಬೆಂಗಳೂರಲ್ಲಿ ನೀರು 97ಕ್ಕೇ ಕುದಿಯೋದರಿಂದ ಅದರಾಚೆ ಅಳೆಯೋಕೆ ಆಗಲ್ಲ.

ಸ್ಟೆಬಿಲೈಸರ್ ಮೇಲೆ ಅನುಮಾನ ಇಲ್ಲ. ಅದರ ಅರ್ಥ್ ಕೆಟ್ಟಿದ್ದರೆ ಪೂರ್ತಿ 12 ವೋಲ್ಟ್ ಹೋಗಿ ಪೆಟ್ರೋಲ್ ಮುಳ್ಳೂ ಮೇಲೇರಬೇಕಿತ್ತು, ಅದು ಸರಿಯಾಗಿದೆ. ಸೆಂಡರ್ ಥ್ರೆಡ್‌ಗೆ ಟೆಫ್ಲಾನ್ ಟೇಪ್ ಸುತ್ತಿಲ್ಲ, ಸುತ್ತಿದ್ದರೂ ಅರ್ಥ್ ಸರಿಯಾಗಿ ಸಿಗದೆ ಓಮ್ ಹೆಚ್ಚಾಗಿ ಮುಳ್ಳು ಇಳೀತಿತ್ತೇ ಹೊರತು ಏರ್ತಿರಲಿಲ್ಲ.

ಸೆಂಡರ್ ಜಾಗದಲ್ಲಿ ಬರೀ ರೆಸಿಸ್ಟರ್ ಕೊಟ್ಟರೆ 85 ಓಮ್‌ಗೆ ಮುಳ್ಳು ನಡುವೆ ನಿಲ್ಲುತ್ತೆ. ಅಂದರೆ 84 ಡಿಗ್ರಿಯ 62 ಓಮ್‌ಗೆ ಸೀರೀಸ್‌ನಲ್ಲಿ 22 ಓಮ್, 1 ವ್ಯಾಟ್ ಸೇರಿಸಿದರೆ ಸಾಕು. ತೊಂದರೆ ಏನಂದ್ರೆ ಸೆಂಡರ್ 40 ಓಮ್‌ಗೆ ಇಳಿದಾಗ ಒಟ್ಟು ಮತ್ತೆ 62 ಆಗಿ, ಸುಮಾರು 97 ಡಿಗ್ರಿಗೇ ಕೆಂಪು ಬರುತ್ತೆ. 18 ಓಮ್ ಹಾಕಿದರೆ ಇನ್ನೂ ಬೇಗ. ಇಂಥ ಗೇಜ್‌ನ ಮೂಲ ಸೆಂಡರ್ 80 ಮತ್ತು 100 ಡಿಗ್ರಿಗೆ ಎಷ್ಟು ಓಮ್ ತೋರಿಸುತ್ತೆ, ಯಾರಾದರೂ ಅಳೆದಿದ್ದರೆ ಹೇಳಿ. ಗೇಜ್ ಹಿಂದಿನ ಹಲ್ಲಿನ ಅಡ್ಜಸ್ಟ್‌ಮೆಂಟ್ ತಿರುಗಿಸೋದು ಕೊನೆಯ ದಾರಿ.